ಉಗ್ರಾಣದ ಲೆಕ್ಕ, ಪ್ರಾಣದ ಲೆಕ್ಕ

ನಮ್ಮ ಭಾಗದ ಹಳೆಯ ಒಕ್ಕಲು ಮನೆಗಳಲ್ಲಿ ಹಗೇವಿನೊಳಗೆ ಎಷ್ಟು ಜೋಳ ಉಳಿದಿದೆ, ಮುಂದಿನ ಸುಗ್ಗಿಯವರೆಗೆ ಅದು ಸಾಕಾದೀತೇ ಎಂಬುದು ಮನೆಯ ಹಿರಿಯಳಿಗೆ ತಿಳಿದೇ ಇರುತ್ತಿತ್ತು. ಹಗೇವು ಬರಿದಾದ ಮೇಲೆ ಸಂತೆಗೆ ಓಡುವುದನ್ನು ಯಾರೂ ಜಾಣತನವೆಂದು ಎಣಿಸುತ್ತಿರಲಿಲ್ಲ. ಅದೇ ಎಚ್ಚರ ನಮ್ಮ ಆಸ್ಪತ್ರೆಗಳ ಉಗ್ರಾಣಗಳಲ್ಲಿಯೂ ಇದೆಯೇ ಎಂಬುದು ಇಂದು ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಜನ ಹೊಲವನ್ನೇ ನಂಬಿ ಬದುಕುವವರು. ತೊಗರಿ ಕೊಯ್ಯುವಾಗ, ಕಬ್ಬಿಗೆ ರಾತ್ರಿ ನೀರು ಹಾಯಿಸುವಾಗ ಹಾವು ಕಚ್ಚುವುದು ಇಲ್ಲಿ ಅಪರೂಪದ ಸಂಗತಿಯಲ್ಲ. ಹಾವು ಕಡಿತದ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ರಾಜ್ಯ ಸರಕಾರವು 2024ರಲ್ಲಿ ಆದೇಶಿಸಿತು. ಆದರೆ ವರದಿ ಬರೆಯುವ ಮುನ್ನ ರೋಗಿ ಬದುಕಬೇಕಲ್ಲವೇ? ವಿಷವೇರಿದ ರೋಗಿಗೆ ಮೊದಲ ಹಂತದಲ್ಲಿಯೇ ಎಂಟರಿಂದ ಹತ್ತು ಸೀಸೆ ಪ್ರತಿವಿಷ ಬೇಕಾಗುತ್ತದೆ. ಕೆಲವೊಮ್ಮೆ ಅದರ ಇಮ್ಮಡಿ. ಹಾಗಿರುವಾಗ ಕಪಾಟಿನಲ್ಲಿ ಹತ್ತು ಸೀಸೆಗಳಿವೆ ಎಂದರೆ ಹತ್ತು ಜನರಿಗೆ ಔಷಧವಿದೆ ಎಂದು ಅರ್ಥವಲ್ಲ. ಒಬ್ಬನಿಗೆ ಮಾತ್ರ, ಅದೂ ಮೊದಲ ಸರದಿಗೆ ಮಾತ್ರ ಇದೆ ಎಂದು ಅರ್ಥ. ಅದೇ ರಾತ್ರಿ ಎರಡನೆಯವನು ಬಂದರೆ ಅವನನ್ನು ವಿಜಯಪುರಕ್ಕೆ ಸಾಗಿಸಬೇಕು. ಮುದ್ದೇಬಿಹಾಳದಿಂದ ಆ ದಾರಿ ಸುಮಾರು 80 ಕಿಲೋಮೀಟರ್. ವಿಷವು ಅಷ್ಟು ಹೊತ್ತು ಕಾಯುವುದಿಲ್ಲ.

ಇದನ್ನು ತಪ್ಪಿಸುವ ಲೆಕ್ಕ ಕಠಿಣವಾದುದೇನೂ ಅಲ್ಲ. ಒಂದು ಆಸ್ಪತ್ರೆಯಲ್ಲಿ ವಾರಕ್ಕೆ 20 ಸೀಸೆ ಖರ್ಚಾಗುತ್ತದೆ, ಬೇಡಿಕೆ ಕಳಿಸಿದ ಮೇಲೆ ಸರಕು ಬರಲು ಮೂರು ವಾರ ಹಿಡಿಯುತ್ತದೆ ಎಂದುಕೊಳ್ಳೋಣ. ಆ ಮೂರು ವಾರಗಳಿಗೆ 60, ಆಪತ್ಕಾಲಕ್ಕೆಂದು ಮತ್ತೆರಡು ವಾರಗಳಿಗೆ 40 ಸೀಸೆಗಳು ಬೇಕು. ಅಂದರೆ ದಾಸ್ತಾನು 100ಕ್ಕೆ ಇಳಿದ ದಿನವೇ ಬೇಡಿಕೆಪಟ್ಟಿ ಹೊರಡಬೇಕು. ಹತ್ತಕ್ಕೆ ಇಳಿದಾಗ ಬರೆದ ಪತ್ರ ಎಷ್ಟೇ ವಿನಯಪೂರ್ವಕವಾಗಿದ್ದರೂ ಪ್ರಯೋಜನವಿಲ್ಲ. ಮಳೆಗಾಲದಲ್ಲಿ ಹಾವಿನ ಹಾವಳಿ ಹೆಚ್ಚುವುದರಿಂದ ಈ ಅಂಕಿಯನ್ನು ಋತುಮಾನಕ್ಕೆ ತಕ್ಕಂತೆ ತಿದ್ದುವುದೂ ಅಗತ್ಯ.

ದಾಸ್ತಾನು ಇದ್ದ ಮಾತ್ರಕ್ಕೆ ಕರ್ತವ್ಯ ಮುಗಿಯಲಿಲ್ಲ. ಹೆರಿಗೆಯ ನಂತರದ ರಕ್ತಸ್ರಾವವನ್ನು ತಡೆಯುವ ಆಕ್ಸಿಟೋಸಿನ್ ಚುಚ್ಚುಮದ್ದನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಸೀಮೆಯಲ್ಲಿ ಅದನ್ನು ಮೇಜಿನ ಮೇಲೆ ಬಿಟ್ಟರೆ ಅದರ ಸತ್ವ ಕುಂದುತ್ತದೆ. ಸೀಸೆ ಅದೇ, ಚೀಟಿ ಅದೇ, ಅವಧಿಯೂ ಮುಗಿದಿಲ್ಲ; ಆದರೆ ತಾಯಿಯ ರಕ್ತ ನಿಲ್ಲುವುದಿಲ್ಲ. ಶೀತಕದ ಉಷ್ಣಮಾನವನ್ನು ದಿನಕ್ಕೆರಡು ಬಾರಿ ನೋಡಿ ಬರೆದಿಡುವ ಶುಶ್ರೂಷಕಿಯದು ಗುಮಾಸ್ತಿಕೆಯಲ್ಲ, ಜೀವರಕ್ಷಣೆ. ಮೊದಲು ಅವಧಿ ಮುಗಿಯುವುದನ್ನು ಮೊದಲು ಬಳಸಬೇಕೆಂಬ ಸರಳ ನಿಯಮವೂ ಅಷ್ಟೇ ಮುಖ್ಯ.

ಲೆಕ್ಕ ತಪ್ಪಿದಾಗ ಏನಾಗುತ್ತದೆಂಬುದನ್ನು ನಮ್ಮ ರಾಜ್ಯ ಕಂಡಿದೆ. 2021ರ ಮೇ 2 ಮತ್ತು 3ರ ನಡುವಿನ ರಾತ್ರಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ ಇಪ್ಪತ್ತಕ್ಕೂ ಹೆಚ್ಚು ರೋಗಿಗಳು ಅಸುನೀಗಿದರು. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಹೆರಿಗೆಯಾದ ಬಾಣಂತಿಯರು ಸಾವಿಗೀಡಾದಾಗ ರಕ್ತನಾಳಕ್ಕೆ ಹರಿಸುವ ದ್ರಾವಣದ ಮೇಲೆ ಸಂಶಯ ಬಿದ್ದಿತು. ಅಂತಹ ಗಳಿಗೆಯಲ್ಲಿ ಯಾವ ತಂಡದ ಸೀಸೆ ಯಾವ ವಾರ್ಡಿಗೆ, ಯಾವ ರೋಗಿಗೆ ಹೋಯಿತೆಂದು ಕೂಡಲೇ ಹೇಳಬಲ್ಲುದು ತಂಡದ ಸಂಖ್ಯೆ ಬರೆದಿಟ್ಟ ದಾಸ್ತಾನು ಪುಸ್ತಕವೊಂದೇ.

ಯಂತ್ರೋಪಕರಣಗಳ ಮಾತೂ ಇದೇ. ಉದ್ಘಾಟನೆಯ ದಿನ ಹೂಮಾಲೆ ಕಂಡ ಯಂತ್ರವು ಸಣ್ಣದೊಂದು ಬಿಡಿಭಾಗವಿಲ್ಲದೆ ಮೂಲೆಯಲ್ಲಿ ಧೂಳು ತಿನ್ನುವುದನ್ನು ಯಾರು ಕಂಡಿಲ್ಲ? ಪ್ರತಿಯೊಂದು ಉಪಕರಣಕ್ಕೂ ಒಂದು ಪುಟವಿರಲಿ: ಎಂದು ಬಂದಿತು, ಖಾತರಿ ಎಂದು ಮುಗಿಯುತ್ತದೆ, ಎಂದು ದುರಸ್ತಿಯಾಯಿತು, ಯಾರನ್ನು ಕರೆಯಬೇಕು.

ಸರಕಾರಿ ಆಸ್ಪತ್ರೆಗಳನ್ನು ದೂರುವ ಮುನ್ನ ಸೇವಾ ಸಂಸ್ಥೆಗಳನ್ನು ನಡೆಸುವವರೂ, ಅವುಗಳಿಗೆ ದಾನ ನೀಡುವವರೂ ತಮ್ಮನ್ನು ತಾವು ಪರೀಕ್ಷಿಸಿಕೊಳ್ಳುವುದು ಒಳಿತು. ಮನೆಯಲ್ಲಿ ಉಳಿದ, ಅವಧಿ ಮುಗಿಯಲಿರುವ ಮಾತ್ರೆಗಳನ್ನು ಚೀಲಕ್ಕೆ ತುಂಬಿ ಧರ್ಮಾರ್ಥ ಚಿಕಿತ್ಸಾಲಯಕ್ಕೆ ಕೊಟ್ಟರೆ ಅದು ದಾನವಾಗದು, ಬೇಡದ ಹೊರೆಯ ವರ್ಗಾವಣೆಯಾದೀತು. ದಾನವಾಗಿ ಬರುವ ಔಷಧವು ತಲಪುವಾಗ ಅದಕ್ಕೆ ಕನಿಷ್ಠ ಒಂದು ವರ್ಷದ ಅವಧಿ ಉಳಿದಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 1996ರಲ್ಲಿಯೇ ಮಾರ್ಗಸೂಚಿ ನೀಡಿತು. ಏನು ಬೇಕೆಂದು ಮೊದಲು ಕೇಳಿ, ಅದನ್ನೇ ಕೊಡುವುದು ನಿಜವಾದ ಔದಾರ್ಯ.

ಬಸವನ ಬಾಗೇವಾಡಿಯ ಮಣ್ಣಿನಿಂದ ಹೊರಟ ಬಸವಣ್ಣನವರು ಬಿಜ್ಜಳನ ಭಂಡಾರದ ಹೊಣೆ ಹೊತ್ತವರೆಂದು ಪರಂಪರೆ ಸ್ಮರಿಸುತ್ತದೆ. ಭಂಡಾರ ಕಾಯುವುದು ಕಿರಿದಾದ ಕಾಯಕವಲ್ಲವೆಂಬುದಕ್ಕೆ ಈ ನಾಡಿಗೆ ಬೇರೆ ನಿದರ್ಶನ ಬೇಕಿಲ್ಲ. ವೈದ್ಯರನ್ನು ನಾವು ಗೌರವಿಸುತ್ತೇವೆ. ಉಗ್ರಾಣದ ಕೀಲಿಕೈ ಹಿಡಿದವರ ಹೆಸರು ಕೂಡ ನಮಗೆ ತಿಳಿದಿರುವುದಿಲ್ಲ. ಅವರಿಗೆ ತರಬೇತಿ ದೊರೆಯಲಿ, ಅವರ ಹುದ್ದೆಗಳು ಖಾಲಿ ಬೀಳದಿರಲಿ, ಅವರು ಬರೆದ ಬೇಡಿಕೆಪಟ್ಟಿಗೆ ಮೇಲಿನವರು ಸಕಾಲದಲ್ಲಿ ಓಗೊಡಲಿ. ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯಲ್ಲಿ ಕುಳಿತ ನಾಗರಿಕರು ಮುಂದಿನ ಸಭೆಯಲ್ಲಿ ಕಟ್ಟಡದ ಬಣ್ಣದ ಮಾತಿಗೆ ಮೊದಲು ಒಂದು ಪ್ರಶ್ನೆ ಕೇಳಲಿ: ಇಂದು ರಾತ್ರಿ ಇಬ್ಬರಿಗೆ ಹಾವು ಕಚ್ಚಿದರೆ ನಮ್ಮಲ್ಲಿ ಎಷ್ಟು ಸೀಸೆಗಳಿವೆ?