ಸೇವೆಯ ಸಂಘಕ್ಕೆ ಅಡ್ಡಿಯೇ ಒರೆಗಲ್ಲು

ಅಮೆರಿಕದ ಕಾಲೇಜುಗಳಲ್ಲಿ ವಿದ್ಯಾರ್ಥಿನಿಯರು ಕಟ್ಟಿಕೊಳ್ಳುವ ಸಂಘಗಳಿಗೆ ಸೊರಾರಿಟಿ ಎನ್ನುತ್ತಾರೆ. ಗ್ರೀಕ್ ಅಕ್ಷರಗಳ ಹೆಸರು, ಆಯ್ದವರಿಗಷ್ಟೇ ಪ್ರವೇಶ. ಹೊಸ ಶಾಖೆ ತೆರೆದಾಗಲೆಲ್ಲ ಸಮುದಾಯ ಸೇವೆಯೇ ತಮ್ಮ ಗುರಿ ಎಂದು ಸಾರುವುದುಂಟು. ಆ ಮಾತನ್ನು ನಂಬುವ ಮುನ್ನ, ಸೇವೆಗೆ ಯಾರಾದರೂ ಅಡ್ಡ ನಿಂತಾಗ ಸಂಘ ಏನು ಮಾಡುತ್ತದೆ ಎಂದು ನೋಡಬೇಕು.

ವಾಷಿಂಗ್ಟನ್ನಿನ ಹೊವಾರ್ಡ್ ವಿಶ್ವವಿದ್ಯಾಲಯದಲ್ಲಿ 1908ರಲ್ಲಿ ಆಲ್ಫಾ ಕಪ್ಪಾ ಆಲ್ಫಾ ಹುಟ್ಟಿತು. ಕಪ್ಪು ವಿದ್ಯಾರ್ಥಿನಿಯರ ಮೊದಲ ಸೊರಾರಿಟಿ ಅದು. ಸಾರ್ವಜನಿಕ ಹೋರಾಟಕ್ಕೂ ಇಳಿಯಬೇಕು ಎಂದು ಹಂಬಲಿಸಿದ 22 ಮಂದಿ 1913ರ ಜನವರಿ 13ರಂದು ಡೆಲ್ಟಾ ಸಿಗ್ಮಾ ಥೀಟಾ ಸ್ಥಾಪಿಸಿದರು. ಎರಡು ತಿಂಗಳು ತುಂಬುವ ಮೊದಲೇ, ಮಾರ್ಚ್ 3ರಂದು, ಮಹಿಳಾ ಮತದಾನದ ಹಕ್ಕಿಗಾಗಿ ನಡೆದ ಮೆರವಣಿಗೆಯಲ್ಲಿ ಅವರು ಹೆಜ್ಜೆ ಹಾಕಿದರು. ಕಪ್ಪು ಮಹಿಳೆಯರು ಹಿಂದೆ ಬರಲಿ ಎಂಬ ಒತ್ತಡ ಸಂಘಟಕರ ಕಡೆಯಿಂದಲೇ ಇತ್ತು. ಹುಡುಗಿಯರು ಮನೆಯಲ್ಲಿ ಉಳಿಯಲಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಮೊದಲ ಸಂಘವಾದ ಆಲ್ಫಾ ಕಪ್ಪಾ ಆಲ್ಫಾ ಮಿಸಿಸಿಪಿ ರಾಜ್ಯದಲ್ಲಿ ಮಾಡಿದ ಕೆಲಸ. ಅದರ ಅಧ್ಯಕ್ಷೆ ಐಡಾ ಜಾಕ್ಸನ್ 1934ರಲ್ಲಿ ಅಲ್ಲಿನ ಹಳ್ಳಿ ಶಿಕ್ಷಕರಿಗೆ ಬೇಸಿಗೆ ಶಾಲೆ ನಡೆಸಿದರು. ಪಾಠಕ್ಕಿಂತ ಮೊದಲು ಆರೋಗ್ಯ ಬೇಕಿದೆ ಎಂಬುದು ಅಲ್ಲಿಗೆ ಹೋದ ಮೇಲೆಯೇ ತಿಳಿದದ್ದು. ಮರುವರ್ಷ ಡಾ. ಡೊರೊತಿ ಫೆರೆಬೀ ನೇತೃತ್ವದಲ್ಲಿ ವೈದ್ಯರು, ನರ್ಸ್‌ಗಳು, ಶಿಕ್ಷಕಿಯರ ತಂಡ ಹೋಮ್ಸ್ ಕೌಂಟಿಗೆ ಹೊರಟಿತು. ವರ್ಣಭೇದದ ರೈಲು ಪ್ರಯಾಣ ಬೇಡವೆಂದು ತಮ್ಮ ಕಾರುಗಳಲ್ಲೇ ಸಾಗಿದರು. ಅಲ್ಲಿ ಹತ್ತಿ ಬೆಳೆಯುವ ಜಮೀನ್ದಾರರು ಗೇಣಿದಾರರನ್ನು ಚಿಕಿತ್ಸಾ ಕೇಂದ್ರಕ್ಕೆ ಕಳಿಸಲು ಒಪ್ಪಲಿಲ್ಲ. ತಂಡ ವಾಪಸಾಗಲಿಲ್ಲ. ಔಷಧಿ, ಲಸಿಕೆಗಳನ್ನು ಕಾರಿಗೆ ಹೇರಿಕೊಂಡು ಹೊಲಗಳಿಗೇ ಹೋಯಿತು. ಮಕ್ಕಳಿಗೆ ಡಿಫ್ತೀರಿಯಾ, ಸಿಡುಬಿನ ಲಸಿಕೆ ಹಾಕಿತು, ಹಲ್ಲು ನೋಡಿತು, ಪೌಷ್ಟಿಕ ಆಹಾರದ ಬಗ್ಗೆ ತಾಯಂದಿರೊಂದಿಗೆ ಮಾತನಾಡಿತು. ಯುದ್ಧಕಾಲದಲ್ಲಿ ಪೆಟ್ರೋಲು, ಟೈರುಗಳಿಗೆ ಪಡಿತರ ಬಂದು 1942ರಲ್ಲಿ ಕೆಲಸ ನಿಲ್ಲುವವರೆಗೂ ಬೇಸಿಗೆಯಿಂದ ಬೇಸಿಗೆಗೆ ಹೀಗೆ ನಡೆಯಿತು.

ಸೊರಾರಿಟಿಗಳ ಮೇಲೆ ದೂರುಗಳಿವೆ, ಅವು ಸುಳ್ಳೂ ಅಲ್ಲ: ದುಬಾರಿ ಶುಲ್ಕ, ಒಳಗಿನವರು–ಹೊರಗಿನವರು ಎಂಬ ಗೆರೆ, ಹೊಸಬರಿಗೆ ಕೊಡುವ ಕಿರುಕುಳ. ಆದರೂ ಕಲಿತವರ ಒಗ್ಗಟ್ಟು ಇಷ್ಟು ದೂರ ಹೋಗಬಲ್ಲದು ಎಂಬುದನ್ನು ಆ ಬೇಸಿಗೆಗಳು ತೋರಿಸಿವೆ. ಇಂದು ಹಲವು ಶಾಖೆಗಳ ಸೇವೆ, ಎಷ್ಟು ಗಂಟೆ ಕೆಲಸ, ಎಷ್ಟು ದೇಣಿಗೆ ಎಂಬ ಲೆಕ್ಕದ ಪುಸ್ತಕಕ್ಕೆ ಇಳಿದಿದೆ. ಲೆಕ್ಕ ಬೇಕು, ಆದರೆ ಅಷ್ಟೇ ಸಾಲದು. ಹೊಸ ಶಾಖೆಗೆ ಅನುಮತಿ ಕೊಡುವ ವಿಶ್ವವಿದ್ಯಾಲಯ ಆ ಹುಡುಗಿಯರನ್ನು ಇಷ್ಟು ಕೇಳಲಿ: ಯಾವ ಕೇರಿಗೆ ಹೋಗುತ್ತೀರಿ, ನಿಮ್ಮಿಂದ ಏನಾಗಬೇಕೆಂದು ಅಲ್ಲಿನವರನ್ನು ಕೇಳಿದ್ದೀರಾ, ಮುಂದಿನ ವರ್ಷವೂ ಅಲ್ಲಿಗೇ ಹೋಗುತ್ತೀರಾ?