ಟೆಂಪ್ಲೇಟ್ ದಾಟಿದ ಮೇಲೆ ಕಲಿಸುವವರು ಯಾರು?

ದಾವಣಗೆರೆಯ ಎಸ್.ಎಸ್. ಬಡಾವಣೆಯಂಥ ಕಡೆ ಮದುವೆ ವಿಡಿಯೊ ಎಡಿಟ್ ಮಾಡುವ ಹುಡುಗರಿಗೆ ಟೆಂಪ್ಲೇಟ್‌ಗಳಿಗೇನೂ ಬರವಿಲ್ಲ. ಹೆಸರು ಬದಲಿಸಿ, ಫೋಟೊ ತೂರಿಸಿ, ರೆಂಡರ್‌ಗೆ ಹಾಕಿದರೆ ಆಮಂತ್ರಣ ಸಿದ್ಧ. ತೊಡಕು ಶುರುವಾಗುವುದು ವಧುವನ್ನು ಹಸಿರು ಪರದೆ ಮುಂದೆ ನಿಲ್ಲಿಸಿದಾಗ. ಹಸಿರನ್ನು ಅಳಿಸುವ ಕೀಯಿಂಗ್ ಮಾಡಿದ ಕೂಡಲೇ ಪರದೆಯ ಜೊತೆಗೆ ಆಕೆಯ ಹಸಿರು ಬಳೆಗಳೂ ಮಾಯ! ಬಳೆ ಇದ್ದಲ್ಲಿ ಹಿನ್ನೆಲೆಯ ಅರಮನೆ ಇಣುಕುತ್ತದೆ.

ಇದಕ್ಕೆ ಮದ್ದು ಇನ್ನೊಂದು ಪ್ಲಗಿನ್ ಅಲ್ಲ. ಮೊದಲೇ ನೀಲಿ ಬಟ್ಟೆ ಕಟ್ಟಬೇಕಿತ್ತು. ಈಗ ಮುಂಗೈ ಸುತ್ತ ಮಾಸ್ಕ್ ಎಳೆದು, ಕೈ ಅಲುಗಿದಂತೆಲ್ಲ ಅದನ್ನು ಸರಿಸುತ್ತ ರೋಟೊ ಮಾಡಬೇಕು. ಕೂದಲಂಚಿಗೆ ಅಂಟಿದ ಹಸಿರು ಛಾಯೆ ತೆಗೆಯಬೇಕು, ಹಿನ್ನೆಲೆಯ ಬೆಳಕಿಗೂ ಮುಖದ ಬೆಳಕಿಗೂ ತಾಳೆ ಹಾಕಬೇಕು. ಪಾರದರ್ಶಕತೆಯನ್ನು ಹಿಡಿದಿಡುವ ಆಲ್ಫಾ ಚಾನೆಲ್ ಬಳಸಿ ಚಿತ್ರದ ಮೇಲೆ ಚಿತ್ರ ಕೂರಿಸುವ ಗಣಿತವನ್ನು ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ 1984ರಲ್ಲೇ ಬರೆದಿಟ್ಟಿದ್ದಾರೆ. ಸಾಫ್ಟ್‌ವೇರ್ ಯಾವುದೇ ಇರಲಿ, ಬುನಾದಿ ಅದೇ. ಬಟನ್ ಎಲ್ಲಿದೆ ಎಂಬುದು ಮೊದಲ ಹಂತದ ಪಾಠ. ಶಾಟ್ ಯಾಕೆ ಕೆಟ್ಟಿತು ಎಂಬುದು ಎರಡನೆಯದು. ಊರಿನಲ್ಲಿ ಸಿಗದಿರುವುದು ಈ ಎರಡನೆಯದೇ.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ಪರೀಕ್ಷೆಯೂ ಇದೆ. ಮೋಷನ್ ಗ್ರಾಫಿಕ್ಸ್ ಸಾಫ್ಟ್‌ವೇರ್ ಆಫ್ಟರ್ ಎಫೆಕ್ಟ್ಸ್‌ನ ಪಠ್ಯ ಎಂಜಿನ್ ಅನ್ನು ಭಾರತೀಯ ಲಿಪಿಗೆ ಹೊಂದಿಸಿರದಿದ್ದರೆ ಒತ್ತಕ್ಷರಗಳು ಚೆಲ್ಲಾಪಿಲ್ಲಿ. ಆಗ ಹಳೆಯ ನುಡಿ ಫಾಂಟ್‌ಗೆ ಮೊರೆ. ಅಲ್ಲಿ ಒತ್ತು ಬೇರೆಯದೇ ಗ್ಲಿಫ್ (ಅಕ್ಷರರೂಪ). ಅಕ್ಷರಗಳು ಒಂದೊಂದಾಗಿ ಹಾರಿಬರುವಂತೆ ಮಾಡಿದರೆ ‘ಬಸಪ್ಪ’ ಎಂಬಲ್ಲಿ ತೆರೆಗೆ ಮೊದಲು ‘ಬಸಪ’ ಬಂದು, ಒತ್ತು ಹಿಂದಿನಿಂದ ಓಡಿಬರುತ್ತದೆ. ಅಕ್ಷರಗಳನ್ನು ಶೇಪ್‌ಗೆ ಬದಲಿಸಿ, ಒತ್ತನ್ನು ಅದರ ಅಕ್ಷರದ ಜೊತೆ ಗುಂಪು ಕಟ್ಟಿದರೆ ಸರಿಹೋಗುತ್ತದೆ. ಇದನ್ನು ಇಂಗ್ಲಿಷ್ ಟ್ಯುಟೋರಿಯಲ್ ಹೇಳಿಕೊಡುವುದುಂಟೆ?

ಯೂಟ್ಯೂಬ್ ಸಾಕು ಎನ್ನುವವರು ಉಜ್ವಲ್ ಕುಲಕರ್ಣಿಯ ಹೆಸರು ಎತ್ತುತ್ತಾರೆ. ಫ್ಯಾನ್ ಎಡಿಟ್ ಮಾಡುತ್ತಿದ್ದ ಆ ಹುಡುಗ 2022ರ ‘ಕೆಜಿಎಫ್ ಚಾಪ್ಟರ್ 2’ ಚಿತ್ರಕ್ಕೆ ಸಂಕಲನಕಾರನಾದದ್ದು ನಿಜ. ಆದರೆ ಒಬ್ಬ ಉಜ್ವಲ್‌ನನ್ನು ತೋರಿಸಿ ಉಳಿದವರನ್ನು ಅವರ ಪಾಡಿಗೆ ಬಿಡುವುದು ನೀತಿಯಾಗದು.

ಹಾಗೆ ನೋಡಿದರೆ ನೀತಿಗೂ ಕೊರತೆಯಿಲ್ಲ. ಆನಿಮೇಷನ್, ವಿಷುಯಲ್ ಎಫೆಕ್ಟ್ಸ್, ಗೇಮಿಂಗ್‌ಗೆಂದೇ ಕರ್ನಾಟಕ 2012ರಲ್ಲಿ ನೀತಿ ತಂದಿತು. ಈಗ 2024–29ರದು ಜಾರಿಯಲ್ಲಿದೆ. ಈ ಕ್ಷೇತ್ರದ ಉತ್ಕೃಷ್ಟತಾ ಕೇಂದ್ರ ಮಾತ್ರ ಬೆಂಗಳೂರಿನ ಮಹದೇವಪುರದಲ್ಲಿದೆ. ದಾವಣಗೆರೆಯಿಂದ ಸುಮಾರು 260 ಕಿ.ಮೀ.

ಆದರೆ ದಾವಣಗೆರೆಯಲ್ಲೇ 1964ರಲ್ಲಿ ಶುರುವಾದ ದೃಶ್ಯಕಲಾ ಮಹಾವಿದ್ಯಾಲಯವಿದೆ, ಈಗ ದಾವಣಗೆರೆ ವಿಶ್ವವಿದ್ಯಾಲಯದ ಅಡಿಯಲ್ಲಿ. ನೆರಳು-ಬೆಳಕು, ಪರ್ಸ್ಪೆಕ್ಟಿವ್ ಅಲ್ಲಿಯ ನಿತ್ಯದ ಪಾಠ. ಚಿತ್ರದ ಮೇಲೆ ಚಿತ್ರ ಕೂರಿಸುವ ಕಂಪೋಸಿಟಿಂಗ್‌ಗೆ ಬೇಕಾದ ಕಣ್ಣು ಪಳಗುವುದೇ ಅದರಿಂದ. ಸಾಫ್ಟ್‌ವೇರ್‌ಗೂ ಖರ್ಚಿಲ್ಲ: 3ಡಿ ಕೆಲಸದ ಬ್ಲೆಂಡರ್ ಪೂರ್ತಿ ಉಚಿತ. ಎಡಿಟಿಂಗ್ ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲೇ ಕಂಪೋಸಿಟಿಂಗ್ ಮಾಡುವ ಫ್ಯೂಷನ್ ಕೂಡ ಸಿಗುತ್ತದೆ. ದುಬಾರಿ ಎಂದರೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್. ಅದನ್ನು ಹುಡುಗರ ತಲೆಗೆ ಕಟ್ಟದೆ ಸಂಸ್ಥೆಯೇ ಕೊಳ್ಳಬೇಕು. ಸಂಜೆ ಲ್ಯಾಬ್ ತೆರೆದು, ದಾವಣಗೆರೆ-ಹರಿಹರದ ಎಡಿಟರ್‌ಗಳು ತಮ್ಮದೇ ಕೆಟ್ಟ ಶಾಟ್‌ಗಳನ್ನು ತಂದು ಕೂರುವಂತಾಗಲಿ. ತರಗತಿ ಆಷಾಢದಲ್ಲಿ ಶುರುವಾದರೆ ಹಾಜರಾತಿಗೂ ಅಡ್ಡಿಯಿಲ್ಲ, ಆಗ ಮದುವೆಗಳೇ ಇರುವುದಿಲ್ಲ.