ಹತ್ತನೇ ತರಗತಿ ಪಾಸಾದವರಿಗೆ ರಕ್ಷಣೆ ಬೇಡವೇ?

2025ರ ಸೆಪ್ಟೆಂಬರ್ 19ರಂದು ಅಮೆರಿಕದ ಅಧ್ಯಕ್ಷರು ಹೊಸ ಎಚ್-1ಬಿ ವೀಸಾ ಅರ್ಜಿಗಳ ಮೇಲೆ 1 ಲಕ್ಷ ಡಾಲರ್ ಶುಲ್ಕ ಹೇರಿದಾಗ ನಮ್ಮ ಟೀವಿ ಚಾನೆಲ್‌ಗಳಲ್ಲಿ ಅದೇ ಮಾತು. ಬೆಂಗಳೂರಿನ ಐಟಿ ಕಂಪನಿಗಳ ಗತಿಯೇನು, ಡಾಲರ್ ಕನಸಿನ ಗತಿಯೇನು ಎಂದು ದಿನಗಟ್ಟಲೆ ಚರ್ಚೆಯಾಯಿತು. ಒಂದೂವರೆ ತಿಂಗಳ ನಂತರ ಬೆಳಗಾವಿ ಜಿಲ್ಲೆಯ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ಕಬ್ಬು ಬೆಳೆಗಾರರು ರಸ್ತೆಯಲ್ಲಿ ಕೂತರು. ಟನ್ನಿಗೆ 3,500 ರೂಪಾಯಿ ಕೇಳಿದರು, ಕೊನೆಗೆ 3,300ಕ್ಕೆ ಒಪ್ಪಂದವಾಯಿತು. ಈ ಎರಡು ಸುದ್ದಿಗಳನ್ನು ಒಟ್ಟಿಗಿಟ್ಟು ನೋಡಬೇಕಿತ್ತು, ಯಾರೂ ನೋಡಲಿಲ್ಲ. ಗುರ್ಲಾಪುರದಲ್ಲಿ ಕೂತವರ ಮನೆಗಳಲ್ಲೂ ಪಾಸ್‌ಪೋರ್ಟ್ ಮಾಡಿಸಿಕೊಂಡ ಮಕ್ಕಳಿದ್ದಾರೆ. ಅವರು ಸಾಫ್ಟ್‌ವೇರ್ ಎಂಜಿನಿಯರುಗಳಲ್ಲ. ಐಟಿಐ ಮುಗಿಸಿದ ಫಿಟ್ಟರುಗಳು, ಜಿಎನ್‌ಎಂ ಓದಿದ ನರ್ಸ್‌ಗಳು, ಹುಕ್ಕೇರಿ ತಾಲ್ಲೂಕಿನ ಹತ್ತರಗಿಯ ವಿಶೇಷ ಆರ್ಥಿಕ ವಲಯದಲ್ಲಿ ವಿಮಾನದ ಬಿಡಿಭಾಗ ಕೊರೆಯುವ ಸಿಎನ್‌ಸಿ ಆಪರೇಟರುಗಳು, ಟ್ರಕ್ ಚಾಲಕರು. ಎಚ್-1ಬಿ ಬಾಗಿಲು ಇವರಿಗೆ ಯಾವತ್ತೂ ತೆರೆದಿರಲಿಲ್ಲ. ಹಾಗಾಗಿಯೇ ಇವರ ಬಗ್ಗೆ ಚರ್ಚೆಯೂ ಇಲ್ಲ.

ಇವರಿಗೆ ದಾರಿ ತೋರಿಸುವವರು ಯಾರು? ಏಜೆಂಟ್. ಯಾವ ದೇಶ, ಯಾವ ವೀಸಾ, ಯಾವ ಮಾಲೀಕ ಎಂಬುದನ್ನೆಲ್ಲ ಅವನೇ ನಿರ್ಧರಿಸುತ್ತಾನೆ. ಮನೆಯವರು ಕೇಳುವುದು ಎರಡೇ ಪ್ರಶ್ನೆ: "ಯಾ ದೇಶಕ್ಕ? ಪಗಾರ ಎಷ್ಟ?" ಕೇಳಬೇಕಾದ ಮೂರನೆಯ ಪ್ರಶ್ನೆಯನ್ನು ಅವರಿಗೆ ಯಾರೂ ಕಲಿಸಿಲ್ಲ. ಕೆಲಸ ಹೋದರೆ ವೀಸಾ ಉಳಿಯುತ್ತದೆಯೇ? ನನ್ನ ಮಟ್ಟಿಗೆ ವೀಸಾ ಆಯ್ಕೆಯ ವಿಚಾರದಲ್ಲಿ ಇದಕ್ಕಿಂತ ದೊಡ್ಡ ಪ್ರಶ್ನೆಯಿಲ್ಲ. ಕೆಲವು ವೀಸಾಗಳು ಕೆಲಸಗಾರನ ವಿದ್ಯೆಗೆ ಸಿಗುತ್ತವೆ, ಕೆಲವು ಮಾಲೀಕನ ಸಹಿಗೆ ಸಿಗುತ್ತವೆ. ಎರಡನೆಯ ಬಗೆಯದರಲ್ಲಿ ಮಾಲೀಕ ಮುನಿದರೆ ಎಲ್ಲವೂ ಮುಗಿಯಿತು.

ಬ್ರಿಟನ್ನಿನ ಆರೈಕೆ ಕೆಲಸದ ವೀಸಾ ಇದಕ್ಕೆ ಕಣ್ಣೆದುರಿನ ಸಾಕ್ಷಿ. ವೃದ್ಧರ ಆರೈಕೆಗೆ ಜನ ಬೇಕೆಂದು ಆ ದೇಶ ಬಾಗಿಲು ತೆರೆದಾಗ ಮಾಲೀಕರು ಕೊಡುವ ಪ್ರಾಯೋಜಕತ್ವ ಪತ್ರಗಳು ಅಂಗಡಿಯ ಸರಕಾದವು. ಆ ಪತ್ರ ಮಾರುವುದಕ್ಕೆ ಅಲ್ಲಿಯ ನಿಯಮದಲ್ಲಿ ಅವಕಾಶವಿಲ್ಲ, ಆದರೂ ಏಜೆಂಟರು ಲಕ್ಷಗಟ್ಟಲೆ ಹಣಕ್ಕೆ ಮಾರಿದರು. 2022ರ ಜುಲೈನಿಂದ 2024ರ ಡಿಸೆಂಬರ್‌ವರೆಗೆ ಈ ಕ್ಷೇತ್ರದ 470ಕ್ಕೂ ಹೆಚ್ಚು ಸಂಸ್ಥೆಗಳ ಪ್ರಾಯೋಜಕತ್ವ ಪರವಾನಗಿಯನ್ನು ಬ್ರಿಟನ್ ಸರ್ಕಾರ ಕಿತ್ತುಕೊಂಡಿತು. ಆ ಸಂಸ್ಥೆಗಳಿಗೆ ಸೇರಿದ ಕೆಲಸಗಾರರ ಸಂಖ್ಯೆ 39,000 ದಾಟಿತ್ತು. ತಪ್ಪು ಮಾಡಿದ್ದು ಸಂಸ್ಥೆ, ಆದರೆ 60 ದಿನದೊಳಗೆ ಹೊಸ ಮಾಲೀಕನನ್ನು ಹುಡುಕಿಕೊಳ್ಳಬೇಕಾದವರು ಕೆಲಸಗಾರರು. ಹುಡುಕಲಾಗದಿದ್ದರೆ ದೇಶ ಬಿಡಬೇಕು. 2024ರ ಮಾರ್ಚ್‌ನಲ್ಲಿ ಇವರು ಹೆಂಡತಿ, ಗಂಡ, ಮಕ್ಕಳನ್ನು ಕರೆದೊಯ್ಯುವುದಕ್ಕೆ ತಡೆ ಬಿತ್ತು. 2025ರ ಜುಲೈ 22ರಂದು ಹೊರದೇಶದಿಂದ ಈ ಕೆಲಸಕ್ಕೆ ಹೊಸಬರನ್ನು ಕರೆಸಿಕೊಳ್ಳುವುದೇ ನಿಂತಿತು. ಇಲ್ಲಿ ಮೂರು ವರ್ಷ ನರ್ಸಿಂಗ್ ಓದಿದ ಹೆಣ್ಣುಮಗಳು ಅಲ್ಲಿ ನರ್ಸ್ ಅಲ್ಲದ ಕೆಲಸಕ್ಕೆ, ಅದೂ ಸಾಲ ಮಾಡಿ ಹೋಗಿದ್ದು ಎಂಥ ಅನ್ಯಾಯ!

ಸಾಲದ ಲೆಕ್ಕವನ್ನು ನಮ್ಮ ಭಾಗದ ಭಾಷೆಯಲ್ಲೇ ಹಾಕೋಣ. ಏಜೆಂಟ್ ಹತ್ತು ಲಕ್ಷ ಕೇಳಿದ ಎಂದುಕೊಳ್ಳಿ. ಟನ್ನಿಗೆ 3,300ರಂತೆ ಅದು 303 ಟನ್ ಕಬ್ಬು. ಎಕರೆಗೆ 40 ಟನ್ ಬಂದರೂ ಏಳೂವರೆ ಎಕರೆಯ ಇಡೀ ವರ್ಷದ ಬೆಳೆ. ಬೀಜ, ಗೊಬ್ಬರ, ಕಟಾವಿನ ಕೂಲಿ ಇನ್ನೂ ಕಳೆದಿಲ್ಲ. ಅಷ್ಟು ಹೊಲ ಇರುವವರು ಎಷ್ಟು ಮಂದಿ? ಹಾಗಾಗಿ ಹೊಲದ ಉತಾರದ ಮೇಲೆ ಸಾಲದ ಬೋಜಾ ಏರುತ್ತದೆ, ತಾಯಿಯ ಬಂಗಾರ ಬ್ಯಾಂಕಿಗೆ ಹೋಗುತ್ತದೆ. ನೋಂದಾಯಿತ ನೇಮಕಾತಿ ಏಜೆಂಟ್ ಒಬ್ಬ ಅಭ್ಯರ್ಥಿಯಿಂದ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಹೆಚ್ಚು ಸೇವಾಶುಲ್ಕ ಪಡೆಯುವಂತಿಲ್ಲ ಎಂಬ ನಿಯಮ ಕೇಂದ್ರ ಸರ್ಕಾರದ ಪುಸ್ತಕದಲ್ಲಿದೆ. ಸಂಕೇಶ್ವರದ ಬಸ್ ನಿಲ್ದಾಣದಲ್ಲಾಗಲಿ ಗೋಕಾಕದ ತಹಶೀಲ್ದಾರ್ ಕಚೇರಿಯಲ್ಲಾಗಲಿ ಇದನ್ನು ದೊಡ್ಡಕ್ಷರದಲ್ಲಿ ಬರೆದು ತೂಗುಹಾಕಲು ಎಷ್ಟು ಖರ್ಚಾಗುತ್ತದೆ?

ಬೇರೆ ದಾರಿಗಳಿಲ್ಲವೆಂದಲ್ಲ. ಜರ್ಮನಿಯನ್ನೇ ತೆಗೆದುಕೊಳ್ಳಿ. ಭಾರತದ ಕುಶಲ ಕೆಲಸಗಾರರಿಗೆ ವರ್ಷಕ್ಕೆ ಕೊಡುವ ವೀಸಾಗಳನ್ನು 20,000ದಿಂದ 90,000ಕ್ಕೆ ಏರಿಸುವುದಾಗಿ ಅದು 2024ರ ಅಕ್ಟೋಬರ್‌ನಲ್ಲಿ ಪ್ರಕಟಿಸಿತು. ಅದೇ ವರ್ಷದ ಜೂನ್‌ನಿಂದ ಚಾನ್ಸೆನ್‌ಕಾರ್ಟೆ ಎಂಬ ಕಾರ್ಡ್ ಜಾರಿಯಲ್ಲಿದೆ. ಮಾಲೀಕನ ಪತ್ರವಿಲ್ಲದೆ ಅಲ್ಲಿಗೆ ಹೋಗಿ ಒಂದು ವರ್ಷದವರೆಗೆ ಕೆಲಸ ಹುಡುಕಬಹುದು, ವಾರಕ್ಕೆ 20 ಗಂಟೆ ದುಡಿಯಬಹುದು. ಆದರೆ ತನ್ನ ದೇಶದಲ್ಲಿ ಮಾನ್ಯವಾದ, ಕನಿಷ್ಠ ಎರಡು ವರ್ಷದ ವೃತ್ತಿ ತರಬೇತಿ ಇರಬೇಕು. ಇಲ್ಲೇ ಸೂಕ್ಷ್ಮವಿರುವುದು: ನಮ್ಮ ಐಟಿಐಗಳಲ್ಲಿ ಫಿಟ್ಟರ್, ಟರ್ನರ್, ಮೆಷಿನಿಸ್ಟ್ ಟ್ರೇಡ್‌ಗಳು ಎರಡು ವರ್ಷದವು, ವೆಲ್ಡರ್ ಒಂದೇ ವರ್ಷದ್ದು. ಹತ್ತನೇ ತರಗತಿ ಮುಗಿಸಿ ಐಟಿಐ ಅರ್ಜಿ ತುಂಬುವ ಹುಡುಗನಿಗೆ ಈ ವ್ಯತ್ಯಾಸ ಆ ದಿನವೇ ತಿಳಿಯಬೇಕು. ನಾಲ್ಕು ವರ್ಷದ ನಂತರ ಏಜೆಂಟನ ಬಾಯಲ್ಲಿ ಕೇಳಿ ಪ್ರಯೋಜನವಿಲ್ಲ. ಮಾನ್ಯತೆ ಪಡೆದ ಕುಶಲ ಕೆಲಸಗಾರನಾಗಿ ಮೂರು ವರ್ಷ ದುಡಿದು, ಜರ್ಮನ್ ಭಾಷೆಯಲ್ಲಿ ಬಿ1 ಮಟ್ಟ ಮುಟ್ಟಿದರೆ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು. ಭಾಷೆ ಕಲಿಯಲು ವರ್ಷ ಹಿಡಿದರೆ ಹಿಡಿಯಲಿ. ಆ ವರ್ಷದ ಖರ್ಚು ಏಜೆಂಟನ ಹತ್ತು ಲಕ್ಷಕ್ಕಿಂತ ಎಷ್ಟೋ ಕಡಿಮೆ, ಕಲಿತ ಭಾಷೆಯನ್ನು ಯಾವ ಮಾಲೀಕನೂ ರದ್ದು ಮಾಡಲಾರ.

ಜಪಾನಿನೊಂದಿಗೆ ಭಾರತ 2021ರ ಜನವರಿಯಲ್ಲಿ ನಿರ್ದಿಷ್ಟ ಕೌಶಲದ ಕೆಲಸಗಾರರ ಒಪ್ಪಂದ ಮಾಡಿಕೊಂಡಿದೆ. ಭಾಷೆ ಮತ್ತು ಕೌಶಲ ಪರೀಕ್ಷೆ ಪಾಸಾಗಬೇಕು. ಮೊದಲ ಹಂತದ ವೀಸಾಕ್ಕೆ ಐದು ವರ್ಷದ ಮಿತಿಯಿದೆ, ಕುಟುಂಬವನ್ನು ಕರೆದೊಯ್ಯುವಂತಿಲ್ಲ. ಆದರೆ ಅದೇ ಕ್ಷೇತ್ರದೊಳಗೆ ಮಾಲೀಕನನ್ನು ಬದಲಿಸಬಹುದು. ಮದುವೆಯಾಗದ ಇಪ್ಪತ್ತೆರಡರ ಹುಡುಗನಿಗೆ ಇದು ಒಳ್ಳೆಯ ದಾರಿ, ಎರಡು ಮಕ್ಕಳ ತಂದೆಗೆ ಅಲ್ಲ. ಇಷ್ಟು ಸರಳ ಸಂಗತಿ ಹೇಳಲೂ ಗೋಕಾಕ, ಮೂಡಲಗಿ, ಹುಕ್ಕೇರಿ ಎಂಬ ನಮ್ಮ ಮೂರು ತಾಲ್ಲೂಕುಗಳಲ್ಲಿ ಒಂದು ಸರ್ಕಾರಿ ಕಿಟಕಿ ಇಲ್ಲ.

ಕಾನೂನಿನ ಕಡೆ ನೋಡಿದರೆ ಸಿಟ್ಟು ಇನ್ನೂ ಹೆಚ್ಚುತ್ತದೆ. 1983ರ ವಲಸೆ ಕಾಯ್ದೆಯ ಪ್ರಕಾರ ಹತ್ತನೇ ತರಗತಿ ಪಾಸಾಗದವರು ಕೊಲ್ಲಿ ರಾಷ್ಟ್ರಗಳೂ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗುವಾಗ ವಲಸೆ ಅನುಮತಿ ಪಡೆಯಬೇಕು. ಅವರ ಕರಾರು ಪತ್ರವನ್ನು ಸರ್ಕಾರ ನೋಡುತ್ತದೆ, 10 ಲಕ್ಷದ ವಿಮೆಯೂ ಇರುತ್ತದೆ. ಹತ್ತನೇ ಪಾಸಾದವರಿಗೆ, ಆ ದೇಶಗಳಿಗೆ ಹೋಗುವ ನರ್ಸ್‌ಗಳನ್ನು ಬಿಟ್ಟರೆ, ಆ ತಪಾಸಣೆಯಿಲ್ಲ. ಓದಿದವರು ತಮ್ಮನ್ನು ತಾವೇ ನೋಡಿಕೊಳ್ಳುತ್ತಾರೆ ಎಂಬ ನಂಬಿಕೆ ಇದರ ಹಿಂದಿದೆ. ಆ ನಂಬಿಕೆ ಎಷ್ಟು ಪೊಳ್ಳು ಎಂಬುದನ್ನು ನಮ್ಮದೇ ರಾಜ್ಯ ಕಂಡಿದೆ. ಕಲಬುರಗಿಯ ಯುವಕರು ರಷ್ಯಾದಲ್ಲಿ ಭದ್ರತಾ ಕೆಲಸವೆಂದು ನಂಬಿ ಏಜೆಂಟರ ಮೂಲಕ ಹೋಗಿ ಯುದ್ಧಭೂಮಿಯ ಅಂಚಿಗೆ ಬಿದ್ದ ಸುದ್ದಿ 2024ರ ಫೆಬ್ರುವರಿಯಲ್ಲಿ ಹೊರಬಂತು. ಅವರು ಊರು ಸೇರಿದ್ದು ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ. ರಷ್ಯಾ ಆ 18ರ ಪಟ್ಟಿಯಲ್ಲಿಲ್ಲ. ಬ್ರಿಟನ್, ಜರ್ಮನಿ, ಜಪಾನ್ ಕೂಡ ಇಲ್ಲ. ಹಳೆಯ ಕಾಯ್ದೆಯ ಜಾಗಕ್ಕೆ ಹೊಸದನ್ನು ತರಲು 2025ರ ಅಕ್ಟೋಬರ್‌ನಲ್ಲಿ ವಿದೇಶಾಂಗ ಸಚಿವಾಲಯ ಕರಡು ಮಸೂದೆಯೊಂದನ್ನು ಸಾರ್ವಜನಿಕರ ಮುಂದಿಟ್ಟಿತು. ಕುಶಲ ಕೆಲಸಗಾರರ ಕರಾರನ್ನೂ ಸರ್ಕಾರ ನೋಡಲೇಬೇಕೆಂಬ ಮಾತು ಹೊಸ ಕಾಯ್ದೆಯಲ್ಲಿ ಸ್ಪಷ್ಟವಾಗಿ ಇರದಿದ್ದರೆ ಹೆಸರು ಬದಲಾಗಿ ಫಲವೇನು?

ಹೋಗುವುದೇಕೆ, ಊರಲ್ಲೇ ಇರಬಾರದೇ ಎನ್ನುವ ಹಿರಿಯರ ಮಾತಿಗೆ ನನ್ನ ಗೌರವವಿದೆ. ಆದರೆ 1885ರಲ್ಲಿ ಗೋಕಾಕ ಮಿಲ್ ಎದ್ದಾಗ ಕೂಲಿ ಅರಸಿ ಜನ ಗೋಕಾಕ ಫಾಲ್ಸ್‌ಗೆ ಬಂದರು. ಇಂದು ಅದೇ ಕಾರಣಕ್ಕೆ ಇನ್ನೊಂದು ಕಡೆ ಹೋಗುತ್ತಿದ್ದಾರೆ. ಟನ್ನಿಗೆ ನೂರಿನ್ನೂರು ರೂಪಾಯಿಗಾಗಿ ದಿನಗಟ್ಟಲೆ ರಸ್ತೆಯಲ್ಲಿ ಕೂರಬೇಕಾದ ಮನೆಯ ಮಗನಿಗೆ ದೇಶಪ್ರೇಮದ ಪಾಠ ಹೇಳುವ ನೈತಿಕ ಹಕ್ಕು ನಮಗಿಲ್ಲ.

ಕೇರಳ 1977ರಲ್ಲೇ ಹೊರದೇಶದ ಕೆಲಸಕ್ಕೆ ಸರ್ಕಾರಿ ನಿಗಮ ಕಟ್ಟಿತು, 1996ರಲ್ಲಿ ಅನಿವಾಸಿಗಳಿಗೆಂದೇ ಇಲಾಖೆ ತೆರೆಯಿತು. ನಮ್ಮಲ್ಲಿ ಕೌಶಲಾಭಿವೃದ್ಧಿ ನಿಗಮದಡಿ ಅಂತರರಾಷ್ಟ್ರೀಯ ವಲಸೆ ಕೇಂದ್ರವಿದೆ, ಅದು ಪರವಾನಗಿ ಪಡೆದ ಸರ್ಕಾರಿ ನೇಮಕಾತಿ ಸಂಸ್ಥೆ. ಆದರೆ ಅದಿರುವುದು ಬೆಂಗಳೂರಿನಲ್ಲಿ, ಇಲ್ಲಿಂದ ಐನೂರು ಕಿಲೋಮೀಟರ್ ದೂರ. ಏಜೆಂಟ್ ಮಾತ್ರ ಮನೆ ಬಾಗಿಲಿಗೇ ಬರುತ್ತಾನೆ. ಬೆಳಗಾವಿಯಲ್ಲಿ 2012ರಲ್ಲಿ ಉದ್ಘಾಟನೆಯಾದ ಸುವರ್ಣ ವಿಧಾನಸೌಧವಿದೆ. ಚಳಿಗಾಲದ ಅಧಿವೇಶನ ಮುಗಿದ ಮೇಲೆ ಅದರ ಬಹುಪಾಲು ಕೋಣೆಗಳು ಸುಮ್ಮನಿರುತ್ತವೆ. ರಾಜ್ಯಮಟ್ಟದ ಕಚೇರಿಗಳನ್ನು ಅಲ್ಲಿಗೆ ತನ್ನಿ ಎಂದು ಈ ಭಾಗದ ಜನ ಕೇಳುತ್ತಲೇ ಬಂದಿದ್ದಾರೆ. ಮೊದಲು ಈ ವಲಸೆ ಕೇಂದ್ರದ ಶಾಖೆ ಬರಲಿ. ಕರಾರು ಪತ್ರ ಓದಿ ಕನ್ನಡದಲ್ಲಿ ಬಿಡಿಸಿ ಹೇಳುವ ಇಬ್ಬರು ಅಧಿಕಾರಿಗಳು, ಜರ್ಮನ್ ಮತ್ತು ಜಪಾನಿ ಭಾಷಾ ತರಗತಿ, ನೋಂದಾಯಿತ ಏಜೆಂಟರ ಪಟ್ಟಿ, ತಿಂಗಳಿಗೊಮ್ಮೆ ಗೋಕಾಕ, ಮೂಡಲಗಿ, ಹುಕ್ಕೇರಿಯ ಐಟಿಐ ಮತ್ತು ನರ್ಸಿಂಗ್ ಕಾಲೇಜುಗಳಲ್ಲಿ ಶಿಬಿರ: ಇಷ್ಟಕ್ಕೆ ಹೊಸ ಕಟ್ಟಡವೂ ಬೇಡ, ದೊಡ್ಡ ಬಜೆಟ್ಟೂ ಬೇಡ. ಮುಂದಿನ ಅಧಿವೇಶನದಲ್ಲಿ ಗೋಕಾಕ, ಅರಭಾವಿ, ಹುಕ್ಕೇರಿ ಕ್ಷೇತ್ರಗಳ ಶಾಸಕರು ಪಕ್ಷ ಮರೆತು ಇದನ್ನು ಚುಕ್ಕೆ ಗುರುತಿನ ಪ್ರಶ್ನೆಯಾಗಿ ಎತ್ತಲಿ. ಶಾಖೆ ಯಾವ ತಿಂಗಳು, ಯಾವ ದಿನ ತೆರೆಯುತ್ತದೆ ಎಂದು ಕೌಶಲಾಭಿವೃದ್ಧಿ ಸಚಿವರು ಅದೇ ಸದನದಲ್ಲಿ ಉತ್ತರಿಸಲಿ.